ಹೇಳಿ ಕಳಿಸಿದವರು

ವೇಕ್ಕೊ ಮಲಗಿದ ಮೇಲೆ
ನಾನು ಲೆಕ್ಕಕ್ಕೆ ಕೂರುತ್ತೇನೆ.
ಕಿಟಕಿಯಾಚೆ ಕೋಟ್ಕಾ ಬಂದರಿನ ಕ್ರೇನುಗಳು
ಯಾರದೋ ಸರಕನ್ನು ಇನ್ನಾರಿಗೋ
ಎತ್ತಿಕೊಡುತ್ತಿರುತ್ತವೆ.

ನಮ್ಮದು ಅಕಾರ್ಡಿಯನ್ ರಿಪೇರಿ.
ಹರಿದ ತಿದಿ, ಉಸಿರು ಕಟ್ಟಿದ ಸ್ವರ,
ಮೇಣ ಒಣಗಿ ಕಳಚಿಕೊಂಡ ಉಕ್ಕಿನ ನಾಲಗೆ.
ಒಂದು ಪೆಟ್ಟಿಗೆಗೆ ಮೂರು ವಾರ.
ಅವಸರದವರು ಬರುವುದಿಲ್ಲ,
ಬಂದರೆ ವೇಕ್ಕೊನೇ ಬಾಗಿಲು ತೋರಿಸುತ್ತಾನೆ.

ಹೋದ ವಸಂತದಲ್ಲಿ ನಾದಿನಿಯ ಮಗ
ನಾನೂರು ಯೂರೋ ಇಸಕೊಂಡು ಜಾಹೀರಾತು ಹಾಕಿಸಿದ.
ಒಂದೇ ವಾರಕ್ಕೆ ಒಂಬೈನೂರ ಹನ್ನೆರಡು ಮಂದಿ
ನಮ್ಮ ವೆಬ್‌ಸೈಟಿನ ಹೊಸ್ತಿಲು ತುಳಿದರು.
ಹುಡುಗ ಕುಣಿದಾಡಿದ. ನಾನು ಇನ್ನೊಂದು ಕಾಲಂ ನೋಡಿದೆ:
ಸರಾಸರಿ ಏಳು ಸೆಕೆಂಡು.
ಏಳು ಸೆಕೆಂಡಿನಲ್ಲಿ ಒಂದು ಗುಂಡಿಯ ಧೂಳು ಊದಲಾಗುವುದಿಲ್ಲ.
ಬಂದ ದಾರಿಗೆ ಸುಂಕವಿಲ್ಲ ಅಂತ ಅವರು ಹೊರಟೇಬಿಟ್ಟರು.
ಸುಂಕ ಕಟ್ಟಿದವಳು ನಾನು.

ಆದರೆ ಪಟ್ಟಿಯ ತೀರ ಕೆಳಗೆ,
‘ಎಲ್ಲಿಂದ ಬಂದರು’ ಎಂಬಲ್ಲಿ,
ಓದಲಿಕ್ಕೆ ಬಾರದ ಒಂದು ಎಸ್ಟೋನಿಯಾದ ವಿಳಾಸ.
ಅಲ್ಲಿಂದ ತಿಂಗಳಿಗೆ ಮೂವರು. ಒಮ್ಮೊಮ್ಮೆ ನಾಲ್ವರು.
ಅವರು ನಿಲ್ಲುವುದು ಹನ್ನೊಂದು ನಿಮಿಷ.
ಕೂತು, ಕೋಟು ತೆಗೆದು, ಎಲ್ಲ ಓದುತ್ತಾರೆ,
ವೇಕ್ಕೊನ ಅಪ್ಪನ ಉಳಿಯ ಫೋಟೋದವರೆಗೆ.
ಆಮೇಲೆ ಬರೆಯುತ್ತಾರೆ.
ನಾರ್ವಾದ ವಿಧವೆ: ಅವರ ಪೆಟ್ಟಿಗೆಯ ಮಂದ್ರ ಸ್ವರ ಕೆಮ್ಮುತ್ತದೆ.
ರೀಗಾದ ಬಸ್ ಡ್ರೈವರ್: ನಾಯಿ ಪಟ್ಟಿ ಕಚ್ಚಿದೆ, ನಗಬೇಡಿ.
ಯಾರೂ ಬೆಲೆ ಕೇಳುವುದಿಲ್ಲ,
ಎಷ್ಟು ದಿನ ಅಂತಲೂ ಇಲ್ಲ.
ಹೇಲ್ದುರ್ ಹೇಳಿದ್ದಾರಲ್ಲ, ಅನ್ನುತ್ತಾರೆ.

ಹಳೆಯ ಖಾತೆಪುಸ್ತಕ ತೆಗೆದೆ.
ಹೇಲ್ದುರ್, ವೋರು ಊರು, ಭೂಮಾಪಕ.
ಹದಿಮೂರು ವರ್ಷದ ಹಿಂದೆ
ಒದ್ದೆ ಬೂಟಿನಲ್ಲಿ ಹಡಗಿಳಿದು ಬಂದಿದ್ದ,
ಕೆಂಪು ಪೆಟ್ಟಿಗೆ ಹೊತ್ತು.
ಬಿಲ್ಲಿಗೆ ಮೂವತ್ತು ಯೂರೋ ಕಮ್ಮಿ ಕೊಟ್ಟು
ಒಂದು ಸೀಸೆ ಜೇನು ಮೇಜಿನ ಮೇಲಿಟ್ಟು ಹೋಗಿದ್ದ.
ನನ್ನದೇ ಕೈಬರಹ: ಬಾಕಿ ಮೂವತ್ತು.
ಜೇನನ್ನು ಬರೆದುಕೊಂಡಿಲ್ಲ.

ಅವನ ಪುಟ ತೆರೆದೆ. ಜೇನುಹುಳು,
ಬೆಳಗಿನ ಚಳಿಯ ಡಿಗ್ರಿಗಳು, ಮತ್ತೆ ಜೇನುಹುಳು.
ನಡುವೆ ಎಲ್ಲೋ, ಸಂಬಂಧವೇ ಇಲ್ಲದ ಜಾಗದಲ್ಲಿ:
‘ಪೆಟ್ಟಿಗೆ ಕೆಟ್ಟರೆ ಕೋಟ್ಕಾದ ವೇಕ್ಕೊ.
ನಿಧಾನ. ಸುಳ್ಳು ಹೇಳುವುದಿಲ್ಲ.’
ವೇಕ್ಕೊ ಎಂಬ ಹೆಸರಿನ ಕೆಳಗೆ ನೀಲಿ ಗೆರೆ.
ಒಂದು ಗೆರೆ, ಅಷ್ಟೇ,
ಒಂದು ಚಳಿಗಾಲದ ಸೌದೆಗೆ ಸಮ.

ಥ್ಯಾಂಕ್ಸ್ ಅಂತ ಬರೆದೆ.
ಮಗಳಿಂದ ಉತ್ತರ ಬಂತು, ಹೆಸರು ಕೈರೆ.
ಅಪ್ಪ ಹೋಗಿ ಎರಡು ಚಳಿಗಾಲವಾಯಿತು.
ಪ್ರತಿ ಸೆಪ್ಟೆಂಬರಿಗೆ ಪುಟದ ಬಾಡಿಗೆ ಬರುತ್ತದೆ,
ಹತ್ತೊಂಬತ್ತು ಯೂರೋ,
ಯಾರಿಗೋಸ್ಕರ ಕಟ್ಟುತ್ತೀ ಅಂತ ಗಂಡ ಕೇಳುತ್ತಾನೆ.
ಗೊತ್ತಿಲ್ಲ, ಕಟ್ಟುತ್ತೇನೆ.
ಯಾರಾದರೂ ಅಲ್ಲಿಂದ ನಿಮ್ಮಲ್ಲಿಗೆ ಬರುತ್ತಾರೆಯೇ?

ಈ ತಿಂಗಳು ಮೂವರು, ಎಂದು ಬರೆದೆ.
ಬರೆದು, ಬಹಳ ಹೊತ್ತು ಕೂತಿದ್ದೆ.
ನಾನೂರು ಕೊಟ್ಟು ಕರೆಸಿದವರ ಮುಖ ನೆನಪಿಲ್ಲ.
ಕೈ ತೋರಿಸಿದವನಿಗೇ ಕೈಯಿಲ್ಲ ಈಗ,
ತೋರಿಸುತ್ತಲೇ ಇದ್ದಾನೆ.

ಬಾಕಿಯನ್ನು ಹೊಡೆದುಹಾಕಿಲ್ಲ.
ಯಾರು ಯಾರಿಗೆ ಕೊಡಬೇಕಾದ ಮೂವತ್ತು
ಎಂಬುದಷ್ಟೇ ಅಡ್ಡಗೆರೆಯ ಯಾವ ಬದಿಗೂ ಕೂರುತ್ತಿಲ್ಲ.

ಇವತ್ತು ರೀಗಾದ ಪೆಟ್ಟಿಗೆ ಬಂತು.
ನಾಯಿಯ ಹಲ್ಲು ಚೆನ್ನಾಗಿದೆ.
ವೇಕ್ಕೊ ಕನ್ನಡಕ ಹಣೆಗೇರಿಸಿ, ಎಂದಿನಂತೆ:
ಯಾರು ಕಳಿಸಿದರು?
ಹೇಲ್ದುರ್, ಅಂದೆ.
ಆ ಜಿಪುಣ ಇನ್ನೂ ಇದ್ದಾನಾ,
ನಗುತ್ತಾ ತಿದಿ ಎಳೆದ. ಕೋಣೆಯ ಗಾಳಿ
ಹರುಕಿನ ಮೂಲಕ ಒಳಗೆ ಹೋಯಿತು.

ಇದ್ದಾನೆ, ಅಂದೆ.