ನಿದ್ದಿ ಕಲಿಯೂದು

ಎಷ್ಟು ವರ್ಷಾತು ಕುಡ್ಯಾಕ ಹತ್ತಿ, ಅಂತ ಸಿಸ್ಟರ್ ಕೇಳಿದ್ಲು.
ವರ್ಷದ ಲೆಕ್ಕ ನನಗ ಬರೂದಿಲ್ಲ.
ಮೂರು ತಿಂಗಳ ಕೂಸಿದ್ದಾಗ
ನಮ್ಮವ್ವ ಸೆರಗಿನ ತುದಿ ಸೇಂದಿಯಾಗ ಅದ್ದಿ
ನನ್ನ ಬಾಯಾಗ ಇಟ್ಟಿದ್ಲಂತ,
ಕೂಸು ಮಲಗಲಿ, ಕೂಲಿ ತಪ್ಪಬಾರದು ಅಂತ.
ಅಲ್ಲಿಂದ ಬರಕೊಳ್ರಿ.

ಸಿಸ್ಟರ್ ಬರೀಲಿಲ್ಲ. ಪೆನ್ನು ಹಿಡಕೊಂಡು ಕುಂತ್ಲು.

ಜಿನ್ನಿಂಗ್ ಮಿಲ್ಲಿನಾಗ ದಿನಾ
ಹತ್ತಿ ಗಂಟಲಿಗೆ ಹತ್ತಿ
ಸಂಜಿಕ ಕೆಮ್ಮು ಇಳೀಬೇಕಂದ್ರ
ಗೇಟಿನ ಹೊರಗ ಹತ್ತು ರೂಪಾಯಿ ಪಾಕೀಟು.
ಹಲ್ಲಿಲೆ ತುದಿ ಹರಿದು ನಿಂತಲ್ಲೇ ಕುಡೀಬೇಕು.
ಹೆಣ್ಮಕ್ಕಳ ಸಾಲು ಬ್ಯಾರೆ ಇತ್ತು,
ಅಷ್ಟು ಮರ್ಯಾದಿ ಇತ್ತು.

ಈಚಲ ಮರ ಅಂತಾರಲ್ಲ,
ನಮ್ಮ ಓಣಿ ಸುತ್ತಮುತ್ತ ನಾನು ಒಂದೂ ಕಂಡಿಲ್ಲ.
ಮರಾನೇ ಇಲ್ಲದಲ್ಲಿ ಸೇಂದಿ ಎಲ್ಲಿಂದ ಇಳೀತೈತಿ
ಅಂತ ಐವತ್ತು ವರ್ಷ ಕೇಳಿಕೊಳ್ಳಲಿಲ್ಲ.
ನೀರು, ಸ್ಯಾಕ್ರಿನ್, ನೊರಿಗೆ ಏನೋ ಒಂದು,
ಮ್ಯಾಲೆ ಚಿಟಿಕಿ ಬಿಳಿ ಪೌಡರು.

ಪೊಲೀಸರು ಅಂಗಡಿ ಮುಚ್ಚಿಸಿದ ವಾರ
ಓಣಿಗೆ ಓಣಿನೇ ನಡುಗಿತು.
ನನ್ನ ಕುತ್ತಿಗಿ ಎಡಕ್ಕ ತಿರುಗಿ ಅಲ್ಲೇ ನಿಂತಿತು.
ಗ್ವಾಡಿ ತುಂಬ ಇರುವಿ.
ತೀರಿಕೊಂಡ ಅಕ್ಕ ಮಾಣಿಕಮ್ಮ ಬಾಗಿಲಿಗೆ ಬಂದು
ಬಾ, ಹತ್ತಿ ಬಿಡಿಸೂದೈತಿ ಅಂದ್ಲು. ಹೋದ್ನಿ.
ಬಾವಿ ತನಕ ಹೋಗಿದ್ನೆಂತ.
ದೆವ್ವ ಬಡದೈತಿ ಅಂದ್ರು, ಬೇವಿನ ಸೊಪ್ಪು ತಂದ್ರು.
ಹುಸೇನಬಿ ಒಬ್ಬಾಕಿ ಆಟೋ ತಂದ್ಲು.

ಡಾಕ್ಟರು ಸಣ್ಣ ಹುಡುಗ, ಗಡ್ಡ ಇನ್ನೂ ಸರಿಯಾಗಿ ಬಂದಿಲ್ಲ.
ಬೈತಾನ ಅಂತ ತಲಿ ಬಗ್ಗಿಸಿದ್ನಿ.
"ನಿಮ್ಮ ಮಿದುಳಿಗೆ ನಿದ್ದೆ ಮಾಡೋದೇ ಮರೆತಿದೆ, ಅಮ್ಮ.
ಅದರ ಕೆಲಸ ಪೌಡರು ಮಾಡ್ತಿತ್ತು.
ಒಂದೇ ಸಲ ಬಿಟ್ಟರೆ ಹೀಗೆ ಕೂಗಾಡುತ್ತೆ.
ಮಾತ್ರೆ ಕೊಡ್ತೀವಿ, ಸ್ವಲ್ಪಸ್ವಲ್ಪ ಇಳಿಸ್ತೀವಿ,
ಅದು ಮತ್ತೆ ಕಲೀಬೇಕು."
ಮೈಸೂರು ಕಡೆಯವ, ಮಾತು ಅರ್ಧ ತಿಳೀತು.
ಕುಡುಕಿ ಅನ್ನಲಿಲ್ಲ ಅಂವ.
ಸಕ್ರಿ ರೋಗ ಇದ್ದಂಗ ಇದೂ ಒಂದು, ಅಂದ.

ಇಪ್ಪತ್ಮೂರನೇ ದಿನ ಮತ್ತ ಕುಡದ್ನಿ.
ಬರಕೊಳ್ರಿ, ಇದನ್ನೂ ಬರಕೊಳ್ರಿ.
ಮಗಳು ಸೂಗಮ್ಮ ಮಾತು ಬಿಟ್ಲು,
ಗುಳಿಗಿ ಕೊಡೂದು ಬಿಡಲಿಲ್ಲ.
ದಿನಾ ಎರಡು, ಅಂಗೈಯಾಗ ಇಟ್ಟು
ನುಂಗೂ ತನಕ ಎದುರಿಗೆ ನಿಂತು,
ಬಾಯಿ ತೆಗಿ ಅಂತ ಕಣ್ಣಿಲೇ ಹೇಳಿ.

ಈಗ ಅಕಿ ಕೂಸಿಗೆ ನಾಕು ತಿಂಗಳು. ರಾತ್ರಿ ಅಳತೈತಿ.
ಬಾಜೂ ಮನಿ ಮುದುಕಿ ಕಿಡಕ್ಯಾಗಿಂದ
"ಒಂದು ಹನಿ ಅದ್ದಿ ಇಡಬೇ, ನಾವೇನು ಸತ್ತೇವೇನು?"
ಸತ್ತವರ ಹೆಸರು ಎಣಿಸಿ ಹೇಳೋಣಂದ್ನಿ,
ಕೂಸು ಹೆಗಲ ಮ್ಯಾಲಿತ್ತು, ಸುಮ್ಮನಾದ್ನಿ.
ಸೆರಗಿನ ತುದಿ ಬಿಗಿದು ಸೊಂಟಕ್ಕ ಸಿಗಿಸಿ
ಅಂಗಳದಾಗ ಆ ಕಡಿ ಈ ಕಡಿ.
ದೂರದಾಗ ಯರಮರಸ್ ಚಿಮಣಿ ಮ್ಯಾಲೆ ಕೆಂಪು ದೀಪ,
ಅದಕ್ಕೂ ನಿದ್ದಿಲ್ಲ.
ಎರಡು ಹೊಡೀತು. ನನ್ನ ಕೈ ನಡುಗಿತು,
ಕೂಸು ಅದನ್ನ ತೂಗೂದು ಅಂದ್ಕೊಂಡಿತೋ ಏನೋ,
ಅಳೂದು ನಿಲ್ಲಿಸಿ ನನ್ನ ನೋಡಿತು.

ಯಾರು ಮೊದಲು ಮಲಗಿದೆವೋ ಗೊತ್ತಿಲ್ಲ.
ಮುಂಜಾನೆ ಸೂಗಮ್ಮ ಎಬ್ಬಿಸಿ,
ಮಾತು ಬಿಟ್ಟಿದ್ದು ಮರೆತು,
ಇಬ್ಬರ ಬಾಯಾಗಿಂದಲೂ ಜೊಲ್ಲು ಸೋರಿತ್ತು
ಅಂತ ಹೇಳಿ ನಕ್ಕಳು.