ಕೂಳೆ ಹೊಲದ ವಿಳಾಸ

ಫೋನು ಎರಡು ಸಲ ಹೊಡೆದುಕೊಂಡರೆ ಸಾಕು,
ಜೀಪಿನ ಕೀಲಿ ತಾನಾಗಿ ಕೈಗೆ ಬರುತ್ತದೆ.
ಹತ್ತೊಂಬತ್ತು ಬೇಸಿಗೆ ಇದೇ ಕೆಲಸ ನನಗೆ:
ಮನೆ ಮುಟ್ಟದ ಗ್ಲೈಡರುಗಳನ್ನು
ಯಾರ್ಯಾರದೋ ಹೊಲದಿಂದ ಹೆಕ್ಕಿ ತರುವುದು.
ಹಾರಲು ಬಾರದು. ಹಿಂದಕ್ಕೆ ಓಡಿಸಲು ಬರುತ್ತದೆ,
ಒಂಬತ್ತು ಮೀಟರಿನ ಟ್ರೈಲರನ್ನು
ಎರಡು ಗೇಟುಗಂಬಗಳ ನಡುವೆ, ಕತ್ತಲಲ್ಲೂ.

ಇವತ್ತಿನ ದನಿ ಬೊಗ್ಲಾರ್ಕಾಳದು.
ಹದಿನೇಳು ತುಂಬಿಲ್ಲ. ಮೊದಲ ದೂರದ ಹಾರಾಟ.
ಅಳುತ್ತಿಲ್ಲ; ಅಳು ಬಾರದಿರಲೆಂದು ಕಿರುಚಿ ಮಾತಾಡುತ್ತಿದ್ದಾಳೆ:
ಇರ್ಮಾ, ಟಿಸಾ ಹೊಳೆಯ ಈಚೆಗೆ,
ನೀರಿನ ಟ್ಯಾಂಕು ಕಾಣುತ್ತೆ,
ಸೂರ್ಯಕಾಂತಿಯ ಮಗ್ಗುಲಲ್ಲಿ ಕೂಳೆ ಹೊಲ.
ರೆಕ್ಕೆ ನೆಟ್ಟಗಿದೆ. ಚಕ್ರದ ಬಾಗಿಲು ಮುರೀತು.
ಒಂದು ಮೊಲ ಓಡಿಹೋಯಿತು. ಅಷ್ಟೆ.

ಮೊದಲು ನೀರು ಕುಡಿ, ಅಂದೆ.

ದಾರಿಯುದ್ದಕ್ಕೂ ಜೋಳ. ಮೇಲೆ, ಬಿಸಿ ಆರಿದ ಆಕಾಶದಲ್ಲಿ
ಕೊಕ್ಕರೆಗಳೂ ಸುತ್ತುವುದನ್ನು ಬಿಟ್ಟು
ರೆಕ್ಕೆ ಬಡಿಯುತ್ತಾ ಗೂಡಿಗೆ ಹೊರಟಿವೆ.
ಅವಕ್ಕೇನು, ಬಡಿಯಲು ರೆಕ್ಕೆ ಇದೆ.

ಕ್ಯಾಂಟೀನಿನ ಮೇಜಿನ ಮೇಲೆ ಚಮಚ ಹಾರಿಸುತ್ತಾ
ವೆಂಡೆಲ್ ಕಲಿಸುವ ಪಾಠ ನನಗೂ ಬಾಯಿಪಾಠ:
ತಂತಿ ಕಾಣುವುದಿಲ್ಲ, ಕಂಬ ಹುಡುಕು.
ಹಸಿರೆಲ್ಲ ಹುಲ್ಲಲ್ಲ.
ಸೂರ್ಯಕಾಂತಿ ರೆಕ್ಕೆಯ ತುದಿ ಹಿಡಿದು ಗಿರ್ರನೆ ತಿರುಗಿಸುತ್ತದೆ.
ಎತ್ತರ ಇರುವಾಗಲೇ ಹೊಲ ಆರಿಸು;
ಆರಿಸಿದ ಮೇಲೆ ಪಕ್ಕದ ಹೊಲದ ಮೇಲೆ ಕಣ್ಣು ಹಾಕಬೇಡ.
ಹುಡುಗರು ನಗುತ್ತಾರೆ. ಅವನು ನಗುವುದಿಲ್ಲ,
ಚಮಚವನ್ನು ಮೆಲ್ಲಗೆ
ಸಕ್ಕರೆ ಡಬ್ಬಿಯ ಈಚೆಗೇ ಇಳಿಸುತ್ತಾನೆ.

ಕೊರ್ನೇಲನ ದಿನ ಫೋನು ಮಾಡಿದ್ದು ಕೊರ್ನೇಲ್ ಅಲ್ಲ,
ಅಗ್ನಿಶಾಮಕದವರು.
ಅವನಿಗೆ ಹ್ಯಾಂಗರಿನ ಸೂರು ಕಾಣುತ್ತಿತ್ತಂತೆ,
ಗಾಳಿಚೀಲದ ಕೆಂಪು ಪಟ್ಟೆಯೂ.
ಕೆಳಗೆ ದಾರಿಯುದ್ದ ಕೊಯ್ದ ಹೊಲಗಳು,
ಹಾಸಿಗೆ ಹಾಸಿದ ಹಾಗೆ, ಒಂದರ ಹಿಂದೊಂದು.
ಮನೆ ಕಂಡವನಿಗೆ ಹೊಲ ಕಾಣುವುದಿಲ್ಲ.
ಬೇಲಿಗೆ ಇನ್ನು ನಲವತ್ತು ಹೆಜ್ಜೆ ಇದ್ದಾಗ
ಕೊನೆಯ ತಿರುವು, ತೀರಾ ಕೆಳಗೆ, ತೀರಾ ನಿಧಾನ.
ಆ ರಾತ್ರಿ ಟ್ರೈಲರ್ ತುಂಬುವಾಗ
ರೆಕ್ಕೆಯ ಪಿನ್ನು ಬಿಚ್ಚುವ ಕೆಲಸವೇ ಇರಲಿಲ್ಲ.

ಹೊಲದ ಅಂಚಿಗೆ ಬಂದರೆ
ನೈಟಿಯ ಮೇಲೆ ಗಂಡಸರ ಕೋಟು ತೊಟ್ಟ ಮುದುಕಿಯೊಬ್ಬಳು
ಟಾರ್ಚು ಹಿಡಿದು ಸಾಲುಸಾಲಾಗಿ ಹುಡುಕುತ್ತಿದ್ದಾಳೆ.
ಏನಮ್ಮಾ ಕಳೆಯಿತು?
ಎಂಜಿನ್ನು, ಎಂದಳು. ಪಾಪ, ಈ ಹುಡುಗಿದು
ಎಲ್ಲೋ ಇಲ್ಲೇ ಬಿದ್ದಿರಬೇಕು.

ಬೊಗ್ಲಾರ್ಕಾ ನಕ್ಕಳು. ನಕ್ಕ ಮೇಲೆ ಕಾಲು ನಡುಗಿತು.
ಮುದುಕಿ ಮಡಿಲಿನಿಂದ ಏಪ್ರಿಕಾಟು ತೆಗೆದು ಕೊಟ್ಟಳು,
ಮಾಗಿದ್ದು, ಒಂದು ಕಡೆ ಹುಳ ತಿಂದದ್ದು.
ತುಳಿದ ಕೂಳೆಗೆ ದುಡ್ಡು ಬೇಡವೆಂದಳು,
ಬೇಡವೆಂದು ಮೂರು ಸಲ ಹೇಳಿದಳು,
ನಾಲ್ಕನೆಯ ಸಲ ಇಸಿದುಕೊಂಡಳು.

ಗಾಜಿನ ಮೇಲಿನ ಕೆಂಪು ಉಲ್ಲನ್ ಎಳೆ
ಗಾಳಿಯಿಲ್ಲದೆ ಜೋತು ಬಿದ್ದಿದೆ.
ರೆಕ್ಕೆಯ ತುದಿ ಅವಳ ತೋಳಲ್ಲಿ,
ಬುಡ ನನ್ನ ಹೆಗಲ ಮೇಲೆ.
ತಟ್ಟನೆ ಕೇಳಿದಳು:
ಇರ್ಮಾ, ಇನ್ನೊಂದು ಸ್ವಲ್ಪ ಎಳೆದಿದ್ದರೆ
ಮುಟ್ಟುತ್ತಿದ್ದೆನಾ?

ಬಹುಶಃ ಮುಟ್ಟುತ್ತಿದ್ದಳು.
ಬರುವ ದಾರಿಯಲ್ಲೇ ಲೆಕ್ಕ ಹಾಕಿದ್ದೆ.

ಪಿನ್ನು ಎಲ್ಲಿಟ್ಟೆ, ಎಂದೆ.
ಜೇಬಿನಿಂದ ತೆಗೆದು ಅಂಗೈಗಿಟ್ಟಳು:
ಗ್ರೀಸು ಮೆತ್ತಿದ್ದು, ಅವಳ ಮೈಯಷ್ಟೇ ಬೆಚ್ಚಗೆ,
ಒಂದು ಚೂರೂ ಬಾಗದೆ.

ಆಮೇಲೆ ನಾನು ಹಿಂದಕ್ಕೆ ಓಡಿಸಿದೆ,
ಎಡಕ್ಕೆ, ಇನ್ನೂ ಎಡಕ್ಕೆ ಎಂದು ಅವಳು ಕೂಗುತ್ತಿದ್ದಳು,
ಬಲಕ್ಕೆ ಕೈ ಬೀಸುತ್ತಾ.