ಒಂಟಿ ಸೀಟು

ಕೋಲಾರದಾಚೆ, ಟೊಮೇಟೊ ತೋಟ ಮುಗಿಯುವಲ್ಲಿ ಟ್ರ್ಯಾಕು.
ಬೆಳಿಗ್ಗೆ ಏಳಕ್ಕೆ ಇನ್ನೂ ತಣ್ಣಗಿವೆ ಟಯರು.
ಸೆಲ್ಫ್ ಇಲ್ಲ; ಮುನಿನಾರಾಯಣ, ಅವನ ಭಾಮೈದ
ಹಿಂದಿನಿಂದ ತಳ್ಳುತ್ತಾರೆ:
"ಬಿಡಿ ಸಾ ಕ್ಲಚ್ಚು, ಈಗ್ಲೇ!"

ತೊಂಬತ್ತೆರಡರ ಕಾರು. ಮಾರುತಿಯ ಎಂಜಿನ್ನು,
ಫೈಬರ್ ಮೈಗೆ ಮೂರು ಸಲ ತೇಪೆ.
ಸೀಟು ಮಾತ್ರ ನನ್ನದಲ್ಲ.
ಯಾವನೋ ಸಣಕಲ ಹುಡುಗ
ಬೆನ್ನೊತ್ತಿ ಅಚ್ಚು ಹಾಕಿಸಿಕೊಂಡದ್ದು.
ಅವನ ಸೊಂಟಕ್ಕೆ ನನ್ನ ಐವತ್ತೊಂದನ್ನು
ಉಸಿರು ಬಿಗಿಹಿಡಿದು ತುರುಕುತ್ತೇನೆ.

ಮೂರನೆಯ ತಿರುವಿನಲ್ಲಿ ಪ್ರತಿ ಸಲ
ಎಡಪಕ್ಕೆಗೆ ಒತ್ತುತ್ತದೆ ಅವನದೊಂದು ಏಣು.
ಅಲ್ಲಿ ನಾನು ಬ್ರೇಕು ಹುಡುಕುತ್ತೇನೆ;
ಅವನು ಹುಡುಕಿರಲಿಲ್ಲ, ಅನ್ನುತ್ತದೆ ಅಚ್ಚು.

ಸ್ಟಾಪ್‌ವಾಚ್ ಹಿಡಿದವರು ಯಾರೂ ಇಲ್ಲ ಇವತ್ತು.
ಇಳಿಯಲು ಇಬ್ಬರು ಕೈಹಿಡಿದು ಎಳೆಯಬೇಕು.
"ಫೋಮ್ ಹಾಕಿ ನಿಮ್ಮಳತೆಗೆ ಮಾಡ್ಲಾ ಸಾ?"
ಬೇಡ ಅಂದೆ.
ಪಕ್ಕೆ ಮುಟ್ಟಿ ನೋಡಿಕೊಂಡೆ, ಇನ್ನೂ ನೋವಿತ್ತು.